ಮೀನು ಹಾರಿಸುವ ಹಬ್ಬ, ಬಜೆ ಎಲೆಯ ಸ್ನಾನ

ಮೇ 5 ಜಪಾನಿನಲ್ಲಿ ಮಕ್ಕಳ ದಿನ. ಸರ್ಕಾರಿ ರಜೆ. ಏಪ್ರಿಲ್ ಕೊನೆಯಿಂದ ಸಾಲಾಗಿ ಬರುವ ರಜೆಗಳಿಗೆ ಅಲ್ಲಿ ಗೋಲ್ಡನ್ ವೀಕ್ ಅಂತಾರೆ, ಅದರ ಬಾಲದಲ್ಲಿ ಈ ದಿನ ಬರುತ್ತದೆ. ನಮ್ಮ ಅಕ್ಕ, ಭಾವ ಕೆಲಸದ ಮೇಲೆ ನಗೋಯಾದಲ್ಲಿ ಇದ್ದಷ್ಟು ವರ್ಷವೂ ಮೇ ಬಂತೆಂದರೆ ಮನೆಯ ವಾಟ್ಸಾಪ್ ಗ್ರೂಪ್ ತುಂಬಾ ಮೀನಿನ ಫೋಟೋಗಳೇ. ಬಟ್ಟೆಯ ಮೀನು. ಕಂಬಕ್ಕೆ ಕಟ್ಟಿ ಗಾಳಿಗೆ ಬಿಟ್ಟಿರುತ್ತಾರೆ, ಕಪ್ಪು, ಕೆಂಪು, ನೀಲಿ ಅಂತ ಒಂದರ ಕೆಳಗೆ ಒಂದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಅದನ್ನು ನೋಡಿದ ಅಮ್ಮ ಮೊದಲು ಕೇಳಿದ್ದು, "ಮಕ್ಕಳ ಹಬ್ಬಕ್ಕೆ ಮೀನೇ ಯಾಕೆ ಬೇಕಿತ್ತು ಇವ್ರಿಗೆ, ಹುಲಿ ಸಿಂಹ ಸಿಗ್ಲಿಲ್ವಾ?" ಅಂತ.

ಒಳ್ಳೆ ಪ್ರಶ್ನೆ. ಉತ್ತರ ಹುಡುಕಲು ಹೋಗಿ ನಾನು ಆ ಹಬ್ಬದ ಬಗ್ಗೆ ಬೇಕಾದ್ದು ಬೇಡದ್ದು ಎಲ್ಲ ಓದಿಕೊಂಡೆ.

ಆ ಮೀನಿಗೆ ಕೊಯಿನೊಬೊರಿ ಅಂತ ಹೆಸರು. ಕೊಯಿ ಅಂದರೆ ಕಾರ್ಪ್ ಜಾತಿಯ ಮೀನು. ಚೀನಾದ ಹಳದಿ ನದಿಯಲ್ಲಿ ಡ್ರ್ಯಾಗನ್ ಬಾಗಿಲು ಅನ್ನುವ ಕಡೆ ದೊಡ್ಡ ಜಲಪಾತ ಇದೆಯಂತೆ, ಎಷ್ಟೋ ಮೀನುಗಳು ಅದನ್ನು ಹತ್ತಲು ನೋಡಿ ಸೋಲುತ್ತವಂತೆ, ಹತ್ತಿ ಮೇಲೆ ಮುಟ್ಟಿದ ಕೊಯಿ ಮಾತ್ರ ಡ್ರ್ಯಾಗನ್ ಆಗಿಬಿಡುತ್ತದಂತೆ. ಕತೆ ಅಷ್ಟೇ. ನಮ್ಮ ಮಗು ಕೂಡ ಎದುರು ನೀರಿಗೆ ಈಜಿ ಮೇಲೆ ಬರಲಿ ಅಂತ ಮೀನು ಹಾರಿಸುವುದು. ಬಟ್ಟೆಯನ್ನು ಕೊಳವೆ ಥರ ಹೊಲಿದು ಬಾಯಿಗೆ ಒಂದು ಬಳೆ ಕೂರಿಸಿರುತ್ತಾರೆ, ಗಾಳಿ ಬಾಯಿಂದ ಹೊಕ್ಕು ಬಾಲದಿಂದ ಹೊರಗೆ ಹೋಗುತ್ತದೆ, ಹೊಟ್ಟೆ ಉಬ್ಬುತ್ತದೆ, ಬಾಲ ಬಡಿಯುತ್ತದೆ. ಗಾಳಿ ನಿಂತರೆ ಜೋಲು ಬೀಳುತ್ತದೆ. ಎಲ್ಲಕ್ಕಿಂತ ಮೇಲೆ ತಿರುಗುವ ಚಕ್ರ, ಅದರ ಕೆಳಗೆ ಐದು ಬಣ್ಣದ ಉದ್ದ ಪಟ್ಟಿ, ಆಮೇಲೆ ಕಪ್ಪು ದೊಡ್ಡ ಮೀನು.

ಇದನ್ನು ಅಮ್ಮನಿಗೆ ಹೇಳಿದೆ. "ಅಯ್ಯೋ, ಹತ್ತುಮೀನು ಅನ್ನು" ಅಂದಳು!

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಕೆಂಪಗೆ ಹರಿಯತೊಡಗಿತೆಂದರೆ ಮೀನುಗಳು ಮೊಟ್ಟೆ ಇಡಲು ಹೊಳೆ ಬಿಟ್ಟು ಮೇಲಕ್ಕೆ ಹೊರಡುತ್ತವೆ. ಹೊಳೆಯಿಂದ ಹಳ್ಳ, ಹಳ್ಳದಿಂದ ಗದ್ದೆ. ಅಪ್ಪಯ್ಯ ಕಂಬಳಿ ಕೊಪ್ಪೆ ಹಾಕಿಕೊಂಡು, ಬ್ಯಾಟರಿ ಹಿಡಿದು, ಮೀನು ಹಿಡಿಯುವ ಕೂಣಿ ಒಡ್ಡಲು ರಾತ್ರಿ ಹೊರಡುತ್ತಿದ್ದರು, ಹಠ ಮಾಡಿದರೆ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಮೊಣಕಾಲೆತ್ತರದಿಂದ ನೀರು ಬೀಳುವ ಜಾಗ. ಬ್ಯಾಟರಿ ಬೆಳಕು ಬಿಟ್ಟರೆ ಗೇಣುದ್ದದ ಮೀನೊಂದು ಆ ನೀರಿನ ಕೆಳಗೆ ಮೂತಿ ಮೇಲೆ ಮಾಡಿ ನಿಂತಿರುವುದು ಕಾಣುತ್ತಿತ್ತು. ನೆಗೆಯುತ್ತದೆ. ಅಂಚಿನ ಹುಲ್ಲಿಗೆ ತಾಗಿ ಹಿಂದಕ್ಕೆ ಬೀಳುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಸುತ್ತಿ ಮತ್ತೆ ನೆಗೆಯುತ್ತದೆ, ಈ ಸಲ ಅರ್ಧ ಮೈ ಮೇಲಿನ ಗದ್ದೆಯಲ್ಲಿ, ಅರ್ಧ ಮೈ ಗಾಳಿಯಲ್ಲಿ, ಆಮೇಲೆ ಬಾಲ ಒಂದೇ ಸಮ ಬಡಿದು ಒಳಗೆ ಹೋಗಿಬಿಡುತ್ತದೆ. ನಾವು ಚಪ್ಪಾಳೆ ಹೊಡೆದರೆ ಅಪ್ಪಯ್ಯ ಬೈಯುತ್ತಿದ್ದರು, ಸಾರಿಗೆ ಹೋಗಬೇಕಾದ್ದು ಹೋಯ್ತು ಅಂತ. (ಮೊಟ್ಟೆ ಹೊತ್ತ ಮೀನನ್ನೇ ಹಿಡಿದು ಹಿಡಿದು ಈಗ ಹತ್ತುಮೀನು ಕಡಿಮೆಯಾಗಿದೆ, ಅದು ಬೇರೆ ಜಗಳ.)

ಇನ್ನೂ ಒಂದು ವಿಷಯ ಇದೆ, ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅದೇ. ಈ ಹಬ್ಬ ಮೊದಲು ಮೇ 5ಕ್ಕೆ ಇರಲೇ ಇಲ್ಲ. ಚಾಂದ್ರಮಾನದ ಐದನೇ ತಿಂಗಳ ಐದನೇ ದಿನ ಇತ್ತು, ತಾಂಗೊ ನೊ ಸೆಕ್ಕು ಅಂತ ಹೆಸರು, ಮೂಲ ಚೀನಾದ್ದು. 1873ರಲ್ಲಿ ಜಪಾನ್ ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಾಯಿತು, ಹಬ್ಬವೂ ಮೇ 5ಕ್ಕೆ ಬಂದು ಕೂತಿತು. ಹಳೆ ಲೆಕ್ಕದಲ್ಲಿ ನೋಡಿದರೆ ಅದು ಸಾಮಾನ್ಯವಾಗಿ ನಮ್ಮ ಜ್ಯೇಷ್ಠ ಶುದ್ಧ ಪಂಚಮಿಯ ಆಸುಪಾಸು ಬೀಳುತ್ತದೆ. ಅಂದರೆ ಜೂನ್. ಅವರಿಗೂ ಮಳೆಗಾಲ ಶುರುವಾಗುವ ಹೊತ್ತು, ನಮಗೆ ಮೃಗಶಿರಾ ಮಳೆ, ಮೀನು ಹತ್ತುವ ಹೊತ್ತು. ಈಗ ಫೋಟೋಗಳಲ್ಲಿ ಕೊಯಿನೊಬೊರಿ ನೀಲಿ ಆಕಾಶದ ಕೆಳಗೆ ಹಾರುತ್ತದಲ್ಲ, ಮೊದಲು ಹಾರುತ್ತಿದ್ದದ್ದು ಮೋಡ ಕವಿದ ಆಕಾಶದಲ್ಲಿ. ಹಿರೋಶಿಗೆ ಅನ್ನುವ ಚಿತ್ರಕಾರ 1857ರಲ್ಲಿ ಮಾಡಿದ ಒಂದು ಅಚ್ಚುಚಿತ್ರ ಇದೆ, ಆಗಿನ ಎದೋ, ಈಗಿನ ಟೋಕಿಯೋ ನಗರದ್ದು. ಎದುರಿಗೇ ಒಂದು ಭಾರೀ ಮೀನು, ದೂರದಲ್ಲಿ ಇನ್ನೆರಡು, ಹಿಂದೆ ಫ್ಯೂಜಿ ಬೆಟ್ಟ. ಮೀನು ಕಪ್ಪು. ಕೆಂಪು, ನೀಲಿ ಎಲ್ಲ ಆಮೇಲೆ ಸೇರಿಕೊಂಡಿದ್ದು.

ಶೃಂಗೇರಿಯಲ್ಲಿ ಮಂಡಕ್ಕಿ ಹಾಕಿದರೆ ಮೇಲೆ ಬರುವ ದೇವರ ಮೀನುಗಳಿವೆಯಲ್ಲ, ನಮ್ಮ ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯ ತುಂಗೆಯಲ್ಲೂ ಇವೆ, ಆ ಮಹಶೀರ್ ಕೂಡ ಕಾರ್ಪ್ ಕುಟುಂಬದ್ದೇ, ಅದೂ ಎದುರು ನೀರಿಗೆ ಹತ್ತುವ ಮೀನೇ. ಜಪಾನಿನವರಿಗೆ ಕೊಯಿ ಹೇಗೋ ನಮ್ಮ ತುಂಗೆಗೆ ಇದು ಹಾಗೆ. ಮಕ್ಕಳಿಗೆ ತೋರಿಸಲು ಕೊಯಿಯನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆದರೆ ಮೀನಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು ಸ್ನಾನ.

ಅವತ್ತು ಅವರು ತೊಟ್ಟಿಯ ಬಿಸಿನೀರಿಗೆ ಒಂದು ಕಟ್ಟು ಉದ್ದನೆಯ ಎಲೆ ಹಾಕಿ ಮಕ್ಕಳನ್ನು ಕೂರಿಸುತ್ತಾರೆ. ಶೋಬು ಯು ಅಂತ ಅದಕ್ಕೆ ಹೆಸರು. ಊರಿನ ಸಾರ್ವಜನಿಕ ಸ್ನಾನದ ಮನೆಗಳಲ್ಲೂ ಅವತ್ತು ಆ ಎಲೆ ಹಾಕುತ್ತಾರೆ. ಒಂದು ಎಲೆಯನ್ನು ತಲೆಗೆ ಸುತ್ತಿ ಗಂಟು ಹಾಕಿಕೊಂಡು ಅಕ್ಕನ ಮಗಳು ನೀರಲ್ಲಿ ಕೂತ ಫೋಟೋ ನಮ್ಮಲ್ಲಿದೆ. ಅದು ಯಾವ ಗಿಡ ಅಂತ ಹುಡುಕಿದರೆ ಇಂಟರ್ನೆಟ್ಟಿನ ಅರ್ಧ ಜನ ನೇರಳೆ ಹೂವಿನ ಐರಿಸ್ ಚಿತ್ರ ಹಾಕಿರುತ್ತಾರೆ. ಆ ಹೂವಿನ ಗಿಡ ಬೇರೆ. ಸ್ನಾನಕ್ಕೆ ಹಾಕುವ ಶೋಬುವಿನ ಸಸ್ಯಶಾಸ್ತ್ರದ ಹೆಸರು ಅಕೋರಸ್ ಕ್ಯಾಲಮಸ್.

ಬಜೆ! ನಮ್ಮ ತೋಟದ ಕೆಳಗೆ ಜೌಗಿನಲ್ಲಿ ಬೆಳೆದುಕೊಂಡಿರುವ ಬಜೆ.

ಮಲೆನಾಡಿನ ಮನೆಯಲ್ಲಿ ಮಗು ಹುಟ್ಟಿತು ಅಂದರೆ ಬಜೆ ಬೇರು ಇರಲೇಬೇಕು. ಅಮ್ಮ ನಮಗೆ ಮಾಡಿದ್ದನ್ನು ಅಕ್ಕನ ಬಾಣಂತನದಲ್ಲಿ ನಾನೇ ನೋಡಿದ್ದೇನೆ. ಒಣಗಿದ ಬೇರಿನ ತುಂಡನ್ನು ದೀಪದ ಬೆಂಕಿಗೆ ಹಿಡಿದು ಕರ್ರಗೆ ಸುಟ್ಟು, ತೇಯುವ ಕಲ್ಲಿನ ಮೇಲೆ ಎರಡು ಹನಿ ಹಾಲು ಬಿಟ್ಟು ಒಂದೆರಡು ಸುತ್ತು ತೇಯ್ದು, ಬೆರಳ ತುದಿಯಲ್ಲಿ ಮಗುವಿನ ನಾಲಿಗೆಗೆ ಮುಟ್ಟಿಸುವುದು. ಹೊಟ್ಟೆನೋವು ಬರಬಾರದು, ಮಾತು ಬೇಗ ಬರಬೇಕು. ಬೇರಿನ ಸಣ್ಣ ತುಂಡುಗಳನ್ನು ದಾರಕ್ಕೆ ಪೋಣಿಸಿ ಕೈಗೆ ಕಟ್ಟುವುದೂ ಉಂಟು. ಈಗ ಮಕ್ಕಳ ಡಾಕ್ಟರು ಹಸುಗೂಸಿಗೆ ಬಜೆ ಕೊಡಲೇಬೇಡಿ ಅಂತಾರೆ, ಅವರ ಮಾತು ಸರಿ, ನಾಲಿಗೆಗೆ ಬೇಡ. ಆದರೆ ಸಮುದ್ರ ದಾಟಿ ಎಲ್ಲೋ ಇರುವ ಒಂದು ದೇಶದಲ್ಲೂ ಮಗುವನ್ನು ಕಾಯಲು ಇದೇ ಗಿಡ ಬೇಕಾಯಿತಲ್ಲ! ಅವರಲ್ಲೂ ಕಾರಣ ಅದೇ. ಸೆಕೆ, ಮಳೆ ಶುರುವಾಗಿ ಕಾಯಿಲೆ ಹರಡುವ ಕಾಲ, ಘಾಟು ವಾಸನೆಯ ಗಿಡ ಇದ್ದರೆ ಪೀಡೆ ಹತ್ತಿರ ಬರೋದಿಲ್ಲ ಅನ್ನುವ ನಂಬಿಕೆ. ಮೊದಲೆಲ್ಲ ಶೋಬುವಿನ ಜೊತೆ ಇನ್ನೊಂದು ಎಲೆಯನ್ನೂ ಸೇರಿಸಿ ಮನೆಯ ಸೂರಿಗೆ ಸಿಕ್ಕಿಸುತ್ತಿದ್ದರು. ಆ ಇನ್ನೊಂದು ಎಲೆ ನಮ್ಮ ಗಣಪತಿ ಪೂಜೆಯ ಮಾಚಿಪತ್ರೆಯ ಜಾತಿಯದ್ದು.

ಹಾಗಾಗಿ ಕಳೆದ ಮೇ ರಜೆಯಲ್ಲಿ ಅಕ್ಕನ ಮಕ್ಕಳು ಬಂದಾಗ ನಾವೂ ಮಾಡಿದೆವು. ದೀಪಾವಳಿಗೆ ನೀರು ತುಂಬುವ ಹಬ್ಬದಲ್ಲಿ ಹಂಡೆಗೆ ಹಿಂಡಲಕಾಯಿ ಬಳ್ಳಿ ಸುತ್ತಿ ಅಭ್ಯಾಸ ಇರುವ ಅಮ್ಮನಿಗೆ ಇದೇನೂ ವಿಚಿತ್ರ ಅನಿಸಲಿಲ್ಲ. ಬಜೆ ಎಲೆ ಒಂದು ಹಿಡಿ ಕೊಯ್ದು, ಕೆಸರು ತೊಳೆದು, ಕತ್ತರಿಸದೆ ಹಾಗೇ ಬಾಳೆನಾರಿನಲ್ಲಿ ಕಟ್ಟಿ ಕುದಿಯುವ ಹಂಡೆಗೆ ಇಳಿಬಿಟ್ಟೆವು. ಬಚ್ಚಲಲ್ಲಿ ಸೌದೆ ಹೊಗೆಯ ಜೊತೆ ಆ ವಾಸನೆ ಏಳುತ್ತದೆ, ಸ್ವಲ್ಪ ಶುಂಠಿ, ಸ್ವಲ್ಪ ಕಿತ್ತಲೆ ಸಿಪ್ಪೆ, ಕೊನೆಗೆ ಒಂದು ಕಹಿ. ಸಣ್ಣವನು ಮೂಗು ಮುಚ್ಚಿಕೊಂಡು ಮಿಂದ. ದೊಡ್ಡವಳು ನಗೋಯಾದ ವಾಸನೆ ಇದೇ ಅಂದಳು.

ತಿಂಡಿ ವಿಷಯ ಬೇಗ ಹೇಳಿಬಿಡುತ್ತೇನೆ. ಕಶಿವಾ ಮೋಚಿ ಅಂತ ಮಾಡುತ್ತಾರೆ. ಅಕ್ಕಿಹಿಟ್ಟಿನ ಕಣಕ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಹೊರಗೆ ಓಕ್ ಜಾತಿಯ ಒಂದು ಮರದ ಎಲೆ. ಆ ಮರದಲ್ಲಿ ಹೊಸ ಚಿಗುರು ಬರುವ ತನಕ ಹಳೆ ಎಲೆ ಉದುರುವುದಿಲ್ಲ, ಹಾಗೇ ಮನೆತನವೂ ನಡುವೆ ಕಡಿಯದೆ ಮುಂದುವರಿಯಲಿ ಅಂತ ಹಾರೈಕೆ. ಎಲೆ ತಿನ್ನುವುದಿಲ್ಲ, ಬಿಡಿಸಿ ಬಿಸಾಕುವುದು. ಅರಿಶಿನ ಎಲೆ ಕಡುಬು ತಿಂದವರಿಗೆ ಇದರಲ್ಲಿ ಹೊಸದು ಏನೂ ಇಲ್ಲ. ನಾವು ಅದನ್ನೇ ಮಾಡೋಣ ಅಂದರೆ ಮೇನಲ್ಲಿ ಅರಿಶಿನ ಎಲೆ ಎಲ್ಲಿ ಸಿಗಬೇಕು, ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದೆವು.

ಮನೆಯೊಳಗೆ ಒಂದು ಯೋಧನ ಶಿರಸ್ತ್ರಾಣ, ಕಬುತೊ ಅಂತಾರೆ, ಅಥವಾ ಕವಚ ಹಾಕಿದ ಬೊಂಬೆ ಇಡುತ್ತಾರೆ. ಮಗು ಹುಟ್ಟಿದ ಮೊದಲ ವರ್ಷ ಇದನ್ನೂ ಮೀನನ್ನೂ ಹೆಚ್ಚಾಗಿ ತಾಯಿಯ ತವರಿನವರು ಕೊಡುವ ಪದ್ಧತಿ, ನಮ್ಮಲ್ಲಿ ತವರಿನಿಂದ ತೊಟ್ಟಿಲು ಬಂದ ಹಾಗೆಯೇ. ಬೆಲೆ ಕೇಳಿದರೆ ತಲೆ ತಿರುಗುತ್ತದೆ ಅಂತ ಅಕ್ಕ ಹೇಳುತ್ತಿದ್ದಳು. ಕಿಂತಾರೊ ಅನ್ನುವ ಗುಂಡಗಿನ ಹುಡುಗನ ಬೊಂಬೆಯೂ ಇರುತ್ತದೆ, ಬೆಟ್ಟದ ಕಾಡಿನಲ್ಲಿ ಬೆಳೆದು ಕರಡಿ ಜೊತೆ ಕುಸ್ತಿ ಆಡಿದವನು. ನಮ್ಮ ಕಡೆ ಹುಟ್ಟಿದ್ದರೆ ಅವನ ಹೆಸರಲ್ಲಿ ಒಂದು ಯಕ್ಷಗಾನ ಪ್ರಸಂಗ ಇರುತ್ತಿತ್ತು ಖಂಡಿತ. ಬೊಂಬೆ ಕೊಳ್ಳಲಾಗದವರು ನ್ಯೂಸ್ ಪೇಪರಿನಲ್ಲಿ ಶಿರಸ್ತ್ರಾಣ ಮಡಚಿ ಮಕ್ಕಳ ತಲೆಗೆ ಇಡುತ್ತಾರೆ. ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ, ಎರಡು ಕಿವಿ ಕೆಳಗೆ ತಂದು, ಮತ್ತೆ ಅರ್ಧ ಮೇಲೆತ್ತಿ, ತುದಿಗಳನ್ನು ಕೊಂಬು ಥರ ಹೊರಗೆ ಬಿಟ್ಟರೆ ಆಯಿತು. ನಮ್ಮ ಸಣ್ಣವನು ಪೇಪರಿನ ಟೊಪ್ಪಿ ಹರಿದ ಮೇಲೆ ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡು ಯುದ್ಧಕ್ಕೆ ಹೊರಟ. ಅದೇ ಗಟ್ಟಿ.

ಈಗ ಜಗಳದ ವಿಷಯಕ್ಕೆ ಬರೋಣ. ಕವಚ, ಶಿರಸ್ತ್ರಾಣ, ಕುಸ್ತಿ ಅಂದಮೇಲೆ ಗೊತ್ತಾಗಿರಬೇಕು, ಇದು ಮೂಲದಲ್ಲಿ ಗಂಡುಮಕ್ಕಳ ಹಬ್ಬ. ಸಮುರಾಯ್ ಅನ್ನುವ ಯೋಧರ ಮನೆಗಳಲ್ಲಿ ಬೆಳೆದದ್ದು. ಹೆಣ್ಣುಮಕ್ಕಳಿಗೆ ಮಾರ್ಚ್ 3, ಹಿನಾ ಮತ್ಸುರಿ, ಅವತ್ತು ಮೆಟ್ಟಿಲು ಮೆಟ್ಟಿಲಾಗಿ ರಾಜ ರಾಣಿ ಬೊಂಬೆ ಕೂರಿಸುತ್ತಾರೆ, ನಮ್ಮ ದಸರಾ ಬೊಂಬೆ ಕಂಡವರಿಗೆ ಅದು ಪರಿಚಯದ್ದೇ. ಯುದ್ಧ ಮುಗಿದ ಮೇಲೆ 1948ರಲ್ಲಿ ರಜೆಗಳ ಕಾನೂನು ಮಾಡಿದಾಗ ಮೇ 5ನ್ನು ಎಲ್ಲ ಮಕ್ಕಳ ದಿನ ಅಂತ ಮಾಡಿದರು. ಮಾರ್ಚ್ 3ಕ್ಕೆ ರಜೆ ಕೊಡಲಿಲ್ಲ. ಅಲ್ಲಿಗೆ ಹುಡುಗಿಯರ ಹಬ್ಬಕ್ಕೆ ಸ್ಕೂಲು, ಹುಡುಗರ ಹಬ್ಬಕ್ಕೆ ರಜೆ. ಅಕ್ಕನ ಮಗಳು ಇದನ್ನು ಬೇಗನೇ ಕಂಡುಹಿಡಿದು ರಂಪ ಮಾಡಿದ್ದಳಂತೆ. ಕಾನೂನಿನಲ್ಲಿ ಒಂದು ಸಾಲು ಮಾತ್ರ ಚೆನ್ನಾಗಿದೆ. ಮಕ್ಕಳ ವ್ಯಕ್ತಿತ್ವವನ್ನು ಗೌರವಿಸಬೇಕು, ಅವರ ಸುಖ ನೋಡಬೇಕು, ಜೊತೆಗೆ ತಾಯಿಗೆ ಕೃತಜ್ಞತೆ ಹೇಳಬೇಕು ಅಂತಿದೆ. ತಾಯಿಯ ಭಾಗ ಯಾರಿಗೂ ನೆನಪಿಲ್ಲ, ಅದೂ ನಮ್ಮ ಹಾಗೇ ಬಿಡಿ.

ನನಗೆ ಈ ಹಬ್ಬ ಹಿಡಿಸಿದ್ದಕ್ಕೆ ನಿಜವಾದ ಕಾರಣ ಬೇರೆ. ಅವತ್ತು ಮಗು ಏನೂ ಮಾಡಬೇಕಾಗಿಲ್ಲ. ಮೀನು ಕಟ್ಟುವವರು ದೊಡ್ಡವರು, ನೀರು ಕಾಯಿಸುವವರು ದೊಡ್ಡವರು, ತಿಂಡಿ ಮಾಡುವವರು ದೊಡ್ಡವರು. ಮಗು ಮೀಯುತ್ತದೆ, ತಿನ್ನುತ್ತದೆ, ಕೆಲವು ಮನೆಗಳಲ್ಲಿ ಕಂಬಕ್ಕೆ ಒರಗಿ ನಿಂತು ಎತ್ತರ ಗುರುತು ಹಾಕಿಸಿಕೊಳ್ಳುತ್ತದೆ. ಬೆಳೆದಿದ್ದರೆ ಸಾಕು.

ನಮ್ಮ ನವೆಂಬರ್ 14 ನೆನಪು ಮಾಡಿಕೊಳ್ಳಿ. ನೆಹರೂ ಅವರ ಹುಟ್ಟುಹಬ್ಬದ ದಿನ ಮಕ್ಕಳ ದಿನಾಚರಣೆ ಆಯಿತು. ಉದ್ದೇಶ ಒಳ್ಳೆಯದೇ. ಆದರೆ ನಡೆಯುವುದೇನು? ಮಕ್ಕಳು ಭಾಷಣ ಬಾಯಿಪಾಠ ಮಾಡಬೇಕು, ಛದ್ಮವೇಷ ಹಾಕಬೇಕು, ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕು, ತಡವಾಗಿ ಬರುವ ಅತಿಥಿಗೆ ಹೂ ಕೊಡಬೇಕು, ಅವರ ಭಾಷಣ ಮುಗಿಯುವ ತನಕ ಮೂತ್ರಕ್ಕೂ ಏಳಬಾರದು. ನಾನು ಓದಿದ ಶಾಲೆಯಲ್ಲಿ ಒಂದು ವರ್ಷ ನೆಹರೂ ವೇಷಕ್ಕೆ ಕೋಟು ಇಲ್ಲದ ಹುಡುಗನನ್ನು ಸ್ಟೇಜಿಗೇ ಹತ್ತಿಸಲಿಲ್ಲ, ಎದೆಗೆ ಸಿಕ್ಕಿಸಿದ್ದ ಗುಲಾಬಿಯನ್ನು ಅವನು ಮನೆ ತನಕ ಹಾಗೇ ಇಟ್ಟುಕೊಂಡು ನಡೆದ. ಮಕ್ಕಳ ಹೆಸರಲ್ಲಿ ಮಕ್ಕಳಿಂದ ದುಡಿಸಿಕೊಳ್ಳುವುದಕ್ಕೆ ಹಬ್ಬ ಅಂತ ಯಾಕೆ ಕರೀಬೇಕು? ಅಮ್ಮನ ತೇಯುವ ಕಲ್ಲು, ಹಂಡೆ, ಕೊಟ್ಟೆ ಕಡುಬು, ಇವೆಲ್ಲ ಮಕ್ಕಳಿಗಾಗಿ ದೊಡ್ಡವರು ಮಾಡುವ ಕೆಲಸಗಳೇ. ನಮ್ಮಲ್ಲಿ ಅವು ಬೇಕಾದಷ್ಟಿವೆ, ಒಂದು ದಿನಕ್ಕೆ ಅಂತ ಸೇರಿಸಿಕೊಂಡಿಲ್ಲ ಅಷ್ಟೇ.

ಜಪಾನಿನಲ್ಲಿ ಎಲ್ಲ ಚೆಂದ ಅಂತಲೂ ಅಲ್ಲ. ಪ್ರತಿ ವರ್ಷ ಈ ಹಬ್ಬದ ಹೊತ್ತಿಗೆ ಅಲ್ಲಿನ ಸರ್ಕಾರ ದೇಶದಲ್ಲಿ 15 ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ ಅಂತ ಅಂದಾಜು ಪ್ರಕಟಿಸುತ್ತದೆ. 2025ರಲ್ಲಿ ಅದು ಸುಮಾರು 1 ಕೋಟಿ 37 ಲಕ್ಷ, ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ 11ರ ಹತ್ತಿರ. ಸತತ 44ನೇ ವರ್ಷ ಇಳಿಕೆ. ಮಕ್ಕಳು ದೊಡ್ಡವರಾಗಿ ಪಟ್ಟಣ ಸೇರಿದ ಮೇಲೆ ಮೀನುಗಳು ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಶಿಕೊಕು ದ್ವೀಪದ ಶಿಮಾಂತೊ ಹೊಳೆಯ ಊರಿನವರು 1974ರಿಂದ ಇಂಥ ಮೀನುಗಳನ್ನು ಸೇರಿಸಿ ಹೊಳೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಹಾರಿಸುತ್ತಿದ್ದಾರೆ, ನೂರಾರು ಮೀನು ನೀರಿನ ಮೇಲೆ. ಅದನ್ನು ನೋಡಿ ಬೇರೆ ಊರಿನವರೂ ಶುರು ಮಾಡಿದರು. ಗುನ್ಮಾ ಪ್ರಾಂತ್ಯದ ತಾತೆಬಯಾಶಿ ಊರು 2005ರಲ್ಲಿ 5,283 ಮೀನು ಹಾರಿಸಿ ಗಿನ್ನೆಸ್ ದಾಖಲೆ ಮಾಡಿತು. ಕಾಜೊ ಅನ್ನುವ ಊರಲ್ಲಿ 100 ಮೀಟರ್ ಉದ್ದದ ಒಂದೇ ಮೀನನ್ನು ಕ್ರೇನ್ ಕಟ್ಟಿ ಎತ್ತುತ್ತಾರೆ, ಅದು ನನಗೆ ಸ್ವಲ್ಪ ಅತಿ ಅನಿಸಿತು.

ಶಿಮಾಂತೊ ವಿಷಯ ಓದುವಾಗ ನಮ್ಮ ಕೇರಿ ಕಣ್ಣ ಮುಂದೆ ಬಂತು. ನಮ್ಮ ಸಾಲಿನ ಮನೆಗಳಲ್ಲಿ ಈಗ ಇರುವವರು ಹೆಚ್ಚಾಗಿ ವಯಸ್ಸಾದವರೇ, ಮಕ್ಕಳೆಲ್ಲ ಬೆಂಗಳೂರು. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಬೆರಳೆಣಿಕೆ. ಬಾಗಿಲು ಹಾಕಿದ ಮನೆಗಳ ಅಟ್ಟದಲ್ಲಿ ತೊಟ್ಟಿಲುಗಳಿವೆ. ಮೇ ರಜೆಯಲ್ಲಿ ಮಾತ್ರ ಮೊಮ್ಮಕ್ಕಳು ಬಂದು ಗಲಾಟೆ ತುಂಬುತ್ತದೆ. ಮೇ 5 ಸರಿಯಾಗಿ ಆ ಹೊತ್ತಿಗೇ ಬರುತ್ತದೆ, ಯೋಚನೆ ಮಾಡಿ. ತುಂಗೆಗೆ ಅಡ್ಡ ಹಗ್ಗ ಕಟ್ಟೋಣ ಅಂತ ನಾನು ಹೇಳುತ್ತಿಲ್ಲ, ಹೊಳೆಗೆ ಇರುವ ಕಸವೇ ಸಾಕು.

ಮನೆಯಲ್ಲಿ ಮಾಡುವುದಾದರೆ ಕಷ್ಟವೇನಿಲ್ಲ. ಹಳೆ ಪಂಚೆ, ಹಳೆ ಸೀರೆ ಯಾವುದಾದರೂ ಆಗುತ್ತದೆ, ತೆಳ್ಳಗಿದ್ದಷ್ಟು ಒಳ್ಳೆಯದು, ದಪ್ಪ ಬಟ್ಟೆ ಹಾರುವುದಿಲ್ಲ. ಬಾಯಿಗೆ ಬಿದಿರಿನ ಸೀಳನ್ನು ಬಳೆಯಾಗಿ ಬಗ್ಗಿಸಿ ಹೊಲಿಯಿರಿ. ಬಾಲದ ಕಡೆ ಹೊಲಿಗೆ ಹಾಕಬೇಡಿ, ಗಾಳಿ ಹೊರಗೆ ಹೋಗಬೇಕು. ಚಿಪ್ಪನ್ನು ಮಕ್ಕಳೇ ಬರೆಯಲಿ, ಬರೆಯದಿದ್ದರೂ ಬಿಡಿ. ನಾವು ಅಡಿಕೆ ಕೊಯ್ಯುವ ಹಳೆ ದೋಟಿಗೆ ಕಟ್ಟಿ ಅಂಗಳದ ತುದಿಯಲ್ಲಿ ನಿಲ್ಲಿಸಿದ್ದೆವು. ಮಧ್ಯಾಹ್ನವೆಲ್ಲ ಗಾಳಿ ಇಲ್ಲದೆ ಮೂರೂ ಮೀನು ಜೋತುಬಿದ್ದಿದ್ದವು, ಸಂಜೆ ಗುಡುಗು ಶುರುವಾಗುವ ಮೊದಲು ಬೀಸುವ ಗಾಳಿಗೆ ಒಮ್ಮೆಗೇ ಉಬ್ಬಿ ಎದ್ದವು. ಮೇಲೆ ಯಾರ ಮೀನು ಅನ್ನುವುದಕ್ಕೆ ಮಾತ್ರ ಜಗಳ ಆಗಿತ್ತು. ಕಪ್ಪು ದೊಡ್ಡದು ಅಪ್ಪನದ್ದು, ಅದೇ ಮೇಲೆ ಇರಬೇಕು ಅಂತ ಭಾವ. "ಚಿಕ್ಕೀ, ಕಾನೂನಲ್ಲಿ ಅಮ್ಮನ ಹೆಸರಿದೆ ಅಂತ ನೀನೇ ಹೇಳಿದ್ದಲ್ವಾ" ಅಂತ ದೊಡ್ಡವಳು. ಅಕ್ಕನ ಹಳೆ ಹಸಿರು ಸೀರೆಯ ಮೀನು ಮೇಲೆ ಹೋಯಿತು.